ಮಂಚ ಇಳಿದು ಮನೆಗೆ: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಿರಿಯರ ಆರೈಕೆಯ ಚರಿತ್ರೆ

1996ರ ಚಳಿಗಾಲದಲ್ಲಿ, ಧಾರವಾಡದಿಂದ ನಮ್ಮಲ್ಲಿಗೆ ಬಂದಿದ್ದ ಅವ್ವನಿಗೆ ನ್ಯುಮೋನಿಯಾ ಆಯಿತು. ಆಗ ಅವಳಿಗೆ 72. ತಾನೇ ನಡೆದುಕೊಂಡು ಆಸ್ಪತ್ರೆಯ ಬಾಗಿಲು ದಾಟಿದ್ದಳು. ಒಂಬತ್ತು ದಿನಕ್ಕೆ ಎದೆ ತಿಳಿಯಾಯಿತು, ಕಾಲು ಮಾತ್ರ ಸೋತಿತ್ತು. ಬಿದ್ದಾಳೆಂದು ಮಂಚದ ಎರಡೂ ಬದಿಯ ಸರಳು ಏರಿಸಿದ್ದರು, ಮೂತ್ರಕ್ಕೆ ನಳಿಕೆ ಹಾಕಿದ್ದರು. ಎದ್ದು ನಾಲ್ಕು ಹೆಜ್ಜೆ ಹಾಕುತ್ತೇನೆಂದರೆ ಅವಳ ಮಾತು ತಿಳಿಯುವವರು ಅಲ್ಲಿರಲಿಲ್ಲ. ತಿಳಿಯುತ್ತಿದ್ದ ನಾನೂ ‘ಮಲಕೋ ಅವ್ವಾ’ ಎಂದೆ. ವೈದ್ಯನಾಗಿ ಇಂಥವೇ ಆದೇಶಗಳನ್ನು ಎಷ್ಟೋ ಜನರಿಗೆ ಬರೆದವನು ನಾನು.

ನಿವೃತ್ತನಾದ ಮೇಲೆ ಈ ವಿಷಯದ ಹಳೆಯ ಬರಹಗಳನ್ನು ಹುಡುಕಿ ಓದಿದೆ. ಹಾಸಿಗೆಯೇ ರೋಗಿಗೆ ಅಪಾಯ ಎಂದು ಲಂಡನ್ನಿನ ರಿಚರ್ಡ್ ಆಶರ್ 1947ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. ನಾವು ಓದಿರಲಿಲ್ಲ, ಅಥವಾ ಓದಿ ಮರೆತಿದ್ದೆವು.

ಅವ್ವ ಮಲಗಿದ್ದ ಊರಿನಿಂದ ಒಂದು ತಾಸಿನ ದಾರಿಯಲ್ಲೇ ಬೇರೊಂದು ಕಥೆ ನಡೆದಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನ್ ಮತ್ತು ನಾರ್ತ್ ಬೀಚ್‌ನಲ್ಲಿ ಚೀನೀ, ಇಟಾಲಿಯನ್, ಫಿಲಿಪಿನೊ ಹಿರಿಯರು ವಾಸವಾಗಿದ್ದರು. ಕೈಕಾಲು ಸೋತರೆ ಭಾಷೆ, ಊಟ ಎರಡೂ ಪರಕೀಯವಾದ ನರ್ಸಿಂಗ್ ಹೋಮೇ ಗತಿ. ದಂತವೈದ್ಯ ವಿಲಿಯಂ ಗೀ, ಸಮಾಜ ಕಾರ್ಯಕರ್ತೆ ಮೇರಿ-ಲೂಯಿಸ್ ಆನ್ಸಾಕ್ ಮೊದಲಾದವರು 1971ರಲ್ಲಿ ‘ಆನ್ ಲಾಕ್’ ಸಂಸ್ಥೆ ಕಟ್ಟಿದರು. ಕ್ಯಾಂಟನೀಸ್‌ನಲ್ಲಿ ಅದರರ್ಥ ಶಾಂತಿ, ಸುಖದ ನೆಲೆ. ನರ್ಸಿಂಗ್ ಹೋಮ್ ಕಟ್ಟುವ ಯೋಚನೆ ಬಿಟ್ಟು, ಬ್ರಿಟನ್ನಿನ ಹಗಲು ಆಸ್ಪತ್ರೆಗಳ ಮಾದರಿಯಲ್ಲಿ 1973ರಲ್ಲಿ ಹಗಲು ಕೇಂದ್ರ ತೆರೆದರು. ವ್ಯಾನಿನಲ್ಲಿ ಬರುವುದು, ಊಟ, ವ್ಯಾಯಾಮ, ವೈದ್ಯರ ತಪಾಸಣೆ, ಸಂಜೆ ಸ್ವಂತ ಮನೆ.

ನನಗೆ ಕುತೂಹಲ ಹುಟ್ಟಿಸಿದ್ದು ಅದರ ಹಣದ ಲೆಕ್ಕ. 1983ರಿಂದ ಸರಕಾರ ಒಬ್ಬೊಬ್ಬರಿಗೆ ತಿಂಗಳಿಗಿಷ್ಟು ಎಂದು ಕೊಡತೊಡಗಿತು. ಆಸ್ಪತ್ರೆಯ ಖರ್ಚೂ ಅದರಲ್ಲೇ. ಹಿರಿಯರು ನಡೆದಾಡಿಕೊಂಡಿದ್ದರೆ ಸಂಸ್ಥೆಗೆ ಉಳಿತಾಯ, ಹಾಸಿಗೆ ಹಿಡಿದರೆ ನಷ್ಟ. ನಾನು ದುಡಿದ ವ್ಯವಸ್ಥೆಯಲ್ಲಿ ಲೆಕ್ಕ ಹೆಚ್ಚುಕಡಿಮೆ ತಲೆಕೆಳಗು! ‘ಪೇಸ್’ ಎಂಬ ಹೆಸರಿನಲ್ಲಿ ಈ ಮಾದರಿ 1997ರ ಕಾಯಿದೆಯಿಂದ ಮೆಡಿಕೇರ್‌ನಲ್ಲಿ ಕಾಯಂ ಆಯಿತು.

ಆಸ್ಪತ್ರೆಯ ಒಳಗಿನ ಬದಲಾವಣೆ ಬಂದದ್ದು ಕ್ಲೀವ್‌ಲ್ಯಾಂಡಿನಿಂದ. ಸೆತ್ ಲ್ಯಾಂಡೆಫೆಲ್ಡ್ ಮತ್ತು ಸಂಗಡಿಗರು 70 ದಾಟಿದ 651 ರೋಗಿಗಳ ಅಧ್ಯಯನವನ್ನು 1995ರಲ್ಲಿ ಪ್ರಕಟಿಸಿದರು. ‘ಏಸ್’ ಎಂಬ ಅವರ ವಿಶೇಷ ವಾರ್ಡಿನಲ್ಲಿ ಗೋಡೆಗೆ ಹಿಡಿಕೆ, ದೊಡ್ಡ ಗಡಿಯಾರ, ಎತ್ತರದ ಕಮೋಡು ಇದ್ದವು. ಸ್ನಾನ, ಉಡುಪು, ನಡಿಗೆಯ ಬಗ್ಗೆ ದಿನವೂ ವಿಚಾರಣೆ. ಮನೆಗೆ ಕಳಿಸುವ ಯೋಜನೆ ಮೊದಲ ದಿನದಿಂದಲೇ. ಅಲ್ಲಿಂದ ನರ್ಸಿಂಗ್ ಹೋಮಿನಂಥ ಕಡೆಗೆ ಹೋದವರು ಶೇಕಡಾ 14, ಸಾಮಾನ್ಯ ವಾರ್ಡಿನಿಂದ 22. ಔಷಧ ಹೊಸದೇನಲ್ಲ, ನೋಡಿ. ಲ್ಯಾಂಡೆಫೆಲ್ಡ್ ಮುಂದೆ ಯುಸಿಎಸ್‌ಎಫ್‌ಗೆ ಬಂದರು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜನರಲ್ ಆಸ್ಪತ್ರೆಯಲ್ಲೂ ಏಸ್ ವಾರ್ಡು ತೆರೆಯಿತು.

ಆದರೆ ವಿಸಿಟರ್ ವೀಸಾದಲ್ಲಿ ಬರುವ ನಮ್ಮ ತಂದೆತಾಯಿಗೆ ಮೆಡಿಕೇರ್ ಇಲ್ಲ. ಚೈನಾಟೌನಿನ ಹಾಗೆ ನಾವು ಒಂದೇ ಓಣಿಯಲ್ಲೂ ಇಲ್ಲ. ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ರಮೋನ್ ಎಂದು ಹಂಚಿಹೋಗಿದ್ದೇವೆ.

ಅವ್ವ ತಾನೇ ಬಚ್ಚಲಿಗೆ ಹೋಗುವಂತಾಗಲು ಏಳು ವಾರ ಹಿಡಿಯಿತು. ಈಗ ಗೆಳೆಯರ ಮನೆಯ ಹಿರಿಯರು ಆಸ್ಪತ್ರೆ ಸೇರಿದರೆಂದು ಫೋನ್ ಬಂದರೆ ನಾನು ರೋಗದ ಹೆಸರು ಆಮೇಲೆ ಕೇಳುತ್ತೇನೆ. ಕನ್ನಡಕ, ಕಿವಿಯ ಮಷೀನು, ದಿನದ ಚಪ್ಪಲಿ ಒಯ್ದಿರಾ? ಇವತ್ತು ಎಷ್ಟು ಸಲ ಎಬ್ಬಿಸಿ ನಡೆಸಿದರು?