ಖಾನಾವಳಿಯ ರೊಟ್ಟಿ ಮತ್ತು ನಮ್ಮ ಚರಿತ್ರೆ



ಜಪಾನಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿಯ ಪುಟ್ಟ ಸಾಂಪ್ರದಾಯಿಕ ಊಟದ ಮನೆಗಳ ವಿಷಯವಾಗಿ ಬರೆದಿದ್ದ. ಬಾಗಿಲಿಗೆ 'ನೋರೆನ್' ಎಂಬ ಬಟ್ಟೆಯ ಪರದೆ. ಒಳಗೆ ಹತ್ತು ಜನಕ್ಕೆ ಸಾಲುವಷ್ಟು ಸ್ಥಳ. ಎದುರಿನಲ್ಲಿಯೇ ಅಡುಗೆ ಮಾಡುವ ಯಜಮಾನ. ಅನ್ನ, ಮಿಸೊ ಸಾರು, ಮೀನು, ಉಪ್ಪಿನಕಾಯಿ. "ಸರ್, ನಮ್ಮ ಬಳ್ಳಾರಿ ಸೀಮೆಯಲ್ಲಿ ಇದಕ್ಕೆ ಸಮನಾದದ್ದು ಯಾವುದು?" ಎಂಬುದು ಅವನ ಪ್ರಶ್ನೆ. ಉತ್ತರ ಒಂದೇ ಪದ: ಖಾನಾವಳಿ. ಆ ಪದವನ್ನು ಬಿಡಿಸಿ ಹೇಳಲು ಮಾತ್ರ ಒಂದು ಲೇಖನವೇ ಬೇಕಾಯಿತು.

ಮರಾಠಿಯ 'ಖಾಣಾವಳ'ಕ್ಕೆ ನಮ್ಮ ಖಾನಾವಳಿ ಸೋದರ ಪದ. ಒಂದು ಕುಟುಂಬ, ಒಂದು ಒಲೆ, ಕೆಲವೇ ಬೆಂಚುಗಳು. ನಾನು ಹೊಸದಾಗಿ ಉಪಾಧ್ಯಾಯನಾಗಿ ಊರು ಬಿಟ್ಟು ಬಂದಾಗ ತಿಂಗಳ ಲೆಕ್ಕದಲ್ಲಿ ಉಂಡದ್ದು ಇಂಥ ಮನೆಗಳಲ್ಲಿಯೇ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಮಡಿಕೆಕಾಳು, ಶೇಂಗಾ ಚಟ್ನಿಪುಡಿ, ಮೊಸರು, ಕೊನೆಗೆ ಒಂದಿಷ್ಟು ಅನ್ನ ಮತ್ತು ಸಾರು. ಜೋಳದ ಹಿಟ್ಟಿಗೆ ಗೋಧಿಯ ಹಿಟ್ಟಿನಂತೆ ಜಿಗುಟಿಲ್ಲ. ಆದುದರಿಂದ ಕುದಿಯುವ ಎಸರು ಹಾಕಿ ನಾದಬೇಕು, ಲಟ್ಟಣಿಗೆಗಿಂತ ಅಂಗೈಯನ್ನೇ ನಂಬಿ ಬಡಿಯಬೇಕು, ಹಂಚಿನ ಮೇಲೆ ನೀರು ಸವರಿ ಬೇಯಿಸಬೇಕು. ಈ ವಿದ್ಯೆ ಪುಸ್ತಕದಲ್ಲಿಲ್ಲ. ತಾಯಿಯ ಕೈಯಿಂದ ಮಗಳ ಕೈಗೆ ಬಂದದ್ದು.

ಈ ರೊಟ್ಟಿ ಅನಾದಿಯದೆಂದು ನಾವು ಭಾವಿಸುತ್ತೇವೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಗಳ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳನ್ನು ವಿದ್ವಾಂಸರು ಪರೀಕ್ಷಿಸಿದ್ದಾರೆ. ಸುಮಾರು 4000 ವರ್ಷಗಳ ಹಿಂದೆ ಇಲ್ಲಿಯ ಜನ ಉಂಡದ್ದು ಮುಖ್ಯವಾಗಿ ಕೊರಲೆಯಂಥ ಕಿರುಧಾನ್ಯ, ಹುರುಳಿ ಮತ್ತು ಹೆಸರು. ಜೋಳ ಆಫ್ರಿಕಾದ ಮೂಲದ ಬೆಳೆ. ಮೆಣಸಿನಕಾಯಿ, ಶೇಂಗಾಗಳು ಅಮೆರಿಕದಿಂದ ಸಮುದ್ರ ದಾಟಿ ಬಂದವು. ಹೊರಗಿನಿಂದ ಬಂದ ಜೋಳವನ್ನು ಎರೆಭೂಮಿ ತನ್ನದಾಗಿಸಿಕೊಂಡಿತು. ಹಿಂಗಾರಿನಲ್ಲಿ ಬಿತ್ತಿದರೆ ನೆಲದಲ್ಲಿ ಉಳಿದ ತೇವದಿಂದಲೇ ತೆನೆ ಕಟ್ಟುವ ಬೆಳೆ ಅದು.

ಆ ತೇವವೂ ಇಲ್ಲದಾದಾಗ ಏನಾಯಿತು ಎಂಬುದಕ್ಕೆ 1876–78ರ ಕ್ಷಾಮ ಸಾಕ್ಷಿ. ಆಗ ಮದರಾಸು ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆ ಅತ್ಯಂತ ತೀವ್ರವಾಗಿ ನಲುಗಿದ ಪ್ರದೇಶಗಳಲ್ಲಿ ಒಂದು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದರು. ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷ್ ಅದನ್ನು ಬಲವಾಗಿ ವಿರೋಧಿಸಿದರು. ತಟ್ಟೆಯಲ್ಲಿ ರೊಟ್ಟಿಯ ತುಣುಕು ಬಿಟ್ಟರೆ ಹಿರಿಯರು ಏಕೆ ಸಿಡುಕುತ್ತಿದ್ದರೆಂದು ಈ ಅಂಕಿಗಳನ್ನು ಓದಿದಾಗ ನನಗೆ ಹೊಳೆಯುತ್ತದೆ.

ಮುಂದೆ 1953 ಬಂತು. ಅದೇ ವರ್ಷ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೂ ಸೇರಿದವು. ಸಿರುಗುಪ್ಪದಲ್ಲಿ ವಿಜಯನಗರ ಕಾಲದ ಕಾಲುವೆಗಳಿಂದಾಗಿ ಗದ್ದೆ ಹೊಸತಲ್ಲ. ಆದರೆ ಹೊಸ ಕಾಲುವೆಯ ನೀರು ಭತ್ತವನ್ನು ದೂರದೂರಕ್ಕೆ ಒಯ್ದಿತು. ಕುರುಗೋಡಿನ ಸುತ್ತಲೂ ಜೋಳದ ಹೊಲಗಳು ಗದ್ದೆಗಳಾದವು. ರೊಟ್ಟಿಯ ನಂತರ ತುತ್ತು ಅನ್ನವಿದ್ದ ತಟ್ಟೆಯಲ್ಲಿ ಅನ್ನವೇ ತುಂಬಿ ರೊಟ್ಟಿ ಅಂಚಿಗೆ ಸರಿಯಿತು. ಹಸಿವು ತಗ್ಗಿತೆಂಬುದು ಸಂತೋಷದ ಮಾತು. ರೊಟ್ಟಿ ಬಡಿಯುವ ಕೈಗಳೂ ತಗ್ಗಿದವೆಂಬುದು ಅದರ ಜೊತೆಗಿನ ಮಾತು.

ಹಳೆಯದನ್ನೆಲ್ಲ ಹೊಗಳುವುದು ನನ್ನ ಉದ್ದೇಶವಲ್ಲ. ಊಟದ ಮನೆಯ ಬಾಗಿಲು ಒಂದು ಕಾಲದಲ್ಲಿ ಎಲ್ಲರಿಗೂ ತೆರೆದಿರಲಿಲ್ಲ. ಜಾತಿ ಕೇಳಿ ಒಳಗೆ ಕೂರಿಸುವ, ಕೆಲವರಿಗೆ ಹೊರಗೇ ನೀಡುವ ಪದ್ಧತಿ ನಾಡಿನ ಉದ್ದಕ್ಕೂ ಇತ್ತು. 1950ರ ಸಂವಿಧಾನ ಸಾರ್ವಜನಿಕ ಭೋಜನಾಲಯಗಳ ಪ್ರವೇಶವನ್ನು ಹಕ್ಕಾಗಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅಡ್ಡಿಪಡಿಸುವವರಿಗೆ ಶಿಕ್ಷೆ ವಿಧಿಸಿತು. ತರಗತಿಯಲ್ಲಿ ಹದಿನೈದನೆಯ ವಿಧಿಯನ್ನು ಬೋಧಿಸುವಾಗ ನಾನು ಖಾನಾವಳಿಯ ಬೆಂಚನ್ನೇ ಉದಾಹರಣೆ ಕೊಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಉಳಿಸಬೇಕಾದದ್ದು ರೊಟ್ಟಿಯನ್ನು, ಆ ಹೊಸ್ತಿಲನ್ನಲ್ಲ.

ಜಪಾನಿನ 'ವಾಶೋಕು' ಊಟದ ಪರಂಪರೆಯನ್ನು 2013ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಪಟ್ಟಿ, ಘೋಷಣೆಗಳಿಂದ ಗೌರವ ಬರುತ್ತದೆ, ಸರಿ. ಆದರೆ ಬೆಳಗಿನಿಂದ ಒಲೆಯ ಮುಂದೆ ಕುಳಿತು ನೂರಾರು ರೊಟ್ಟಿ ಬಡಿಯುವ ತಾಯಿಗೆ ತಕ್ಕ ಕೂಲಿ ಸಿಗದಿದ್ದರೆ ಅವಳು ಈ ವಿದ್ಯೆಯನ್ನು ಮಗಳಿಗೆ ಏಕೆ ಕಲಿಸಿಯಾಳು? ಶಾಲೆಗೆ ಹೋಗು ಎಂದೇ ಹೇಳುತ್ತಾಳೆ. ಮೇಷ್ಟರಾದ ನಾನು ಅದನ್ನು ತಪ್ಪೆನ್ನಲಾರೆ. ಮಗಳು ಓದಲಿ, ತಾಯಿಗೆ ಬೆಲೆಯೂ ಸಿಗಲಿ. ಮನೆಯಲ್ಲಿ ಗಂಡುಮಕ್ಕಳೂ ಹಿಟ್ಟಿಗೆ ಕೈ ಹಾಕಲಿ.

ರಜೆಗೆ ಊರಿಗೆ ಬಂದಾಗ ಮಕ್ಕಳನ್ನು ಖಾನಾವಳಿಗೆ ಕರೆದೊಯ್ಯಿರಿ. ಬಿಸಿರೊಟ್ಟಿಯ ಬೆಲೆಯಲ್ಲಿ ಚೌಕಾಸಿ ಮಾಡಬೇಡಿ. ನಿಮ್ಮ ಮನೆಯ ಅಜ್ಜಿಯಂದಿರು ಎಸರಿಗೆ ಹಿಟ್ಟು ಹಾಕುವ ಬಗೆಯನ್ನು ಕೇಳಿ ಬರೆದು ಕಳುಹಿಸಿದರೆ ನಾನು ಸಂತೋಷದಿಂದ ಓದುವೆ.