ಜೀರ್ಜಿಂಬೆ ರೆಕ್ಕೆಯ ಗೌನುಗಳು

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಸಿರಿವಂತ ಮನೆತನದ ಹೆಂಗಸರು ಔತಣ, ನೃತ್ಯಕೂಟಗಳಿಗೆ ತೊಡುತ್ತಿದ್ದ ನಿಲುವಂಗಿಗಳಲ್ಲಿ ಒಂದು ಬಗೆ. ಜೀರ್ಜಿಂಬೆಯ ಹೊಳೆಯುವ ಹಸಿರು ರೆಕ್ಕೆಗಳನ್ನು ಬಟ್ಟೆಗೆ ಹೊಲಿದು ಇವನ್ನು ಅಲಂಕರಿಸುತ್ತಿದ್ದರು. ಗೌನಿನ ಕತ್ತರಿಕೆ ಯುರೋಪಿನದಾದರೂ ರೆಕ್ಕೆಯೂ ಕುಸುರಿಯೂ ಭಾರತದವು. ಕರ್ನಾಟಕದ ಮಕ್ಕಳು ಬೆಂಕಿಪೊಟ್ಟಣದಲ್ಲಿ ಸೊಪ್ಪು ಹಾಕಿ ಸಾಕುತ್ತಿದ್ದ ಜೀರ್ಜಿಂಬೆಯ ಬಳಗವೇ, ಅಂದರೆ ಸ್ಟರ್ನೋಸೆರಾ ಕುಲದ ಹುಳುಗಳೇ, ಈ ಕಸೂತಿಗೂ ಒದಗಿದವು.

ಕಸೂತಿಗೆ ಬಳಸುತ್ತಿದ್ದುದು ಹಾರುವ ತೆಳುರೆಕ್ಕೆಯನ್ನಲ್ಲ, ಅದನ್ನು ಮುಚ್ಚಿಕೊಂಡಿರುವ ಗಟ್ಟಿ ಹೊರರೆಕ್ಕೆಯನ್ನು. ಅದನ್ನು ಹಬೆಯಲ್ಲಿ ಮೆದು ಮಾಡಿ, ಅಂಚು ಕತ್ತರಿಸಿ, ಸೂಜಿಯಿಂದ ತೂತು ಮಾಡಿ, ಮಸ್ಲಿನ್ ಅಥವಾ ಬಲೆಬಟ್ಟೆಯ ಮೇಲೆ ಜರಿಬಳ್ಳಿಗಳ ನಡುವೆ ಎಲೆಯ ಹಾಗೆ ಕೂರಿಸುತ್ತಿದ್ದರು. ರೆಕ್ಕೆಯ ಹಸಿರು ಬಣ್ಣದ್ರವ್ಯದಿಂದ ಬಂದದ್ದಲ್ಲ, ಅದರ ಅತಿಸೂಕ್ಷ್ಮ ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಹುಟ್ಟುವಂಥದು. ಹಾಗಾಗಿಯೇ ಮಸ್ಲಿನ್ ಕಂದಿಹೋದ ಹಳೆಯ ಗೌನುಗಳಲ್ಲಿಯೂ ರೆಕ್ಕೆ ಮಾತ್ರ ಮಾಸಿಲ್ಲ. ಗ್ಯಾಸ್ ದೀಪದ ನೃತ್ಯಶಾಲೆಯಲ್ಲಿ ತೊಟ್ಟವಳು ಹೊರಳಿದಂತೆಲ್ಲ ಹಸಿರು ನೀಲಿಗೆ ತಿರುಗುತ್ತಿತ್ತು. ಆದರೆ ಒಣಗಿ ಪೆಡಸಾದ ರೆಕ್ಕೆ ಬೇಗ ಮುರಿಯುತ್ತದೆ, ಅದರ ಚೂಪು ಅಂಚು ಹೊಲಿದ ದಾರವನ್ನೇ ಕೊಯ್ಯುತ್ತದೆ.

ಮೊಗಲ್ ಕಾಲದಿಂದಲೂ ಭಾರತದ ಅರಮನೆಗಳ ಉಡುಪಿನಲ್ಲಿದ್ದ ಈ ಕುಸುರಿಗೆ ಮೊದಲು ಮನಸೋತ ಬ್ರಿಟಿಷರು ಇಲ್ಲಿಯೇ ನೆಲಸಿದ್ದ ಅಧಿಕಾರಿಗಳ ಮನೆಯವರು. ಕ್ರಮೇಣ ಕಸೂತಿ ಹಾಕಿದ ಬಟ್ಟೆ ಹಡಗೇರಿ ಬ್ರಿಟನ್ನಿಗೆ ಹೋಗತೊಡಗಿತು. ಅಲ್ಲಿನ ದರ್ಜಿಗಳು ಆಯಾ ಕಾಲದ ಫ್ಯಾಷನ್ನಿಗೆ ತಕ್ಕಂತೆ ಅದನ್ನು ಹೊಲಿದರು.

ಇವುಗಳಲ್ಲಿ ಅತಿ ಪ್ರಸಿದ್ಧವಾದದ್ದು ರಂಗಭೂಮಿಯ ಉಡುಪು. 1888ರ ಡಿಸೆಂಬರಿನಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ನಟಿ ಎಲೆನ್ ಟೆರಿ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ತೊಟ್ಟ ಹಸಿರು ಗೌನಿನಲ್ಲಿ ಸುಮಾರು 1,000 ರೆಕ್ಕೆಗಳಿದ್ದವು. ವಿನ್ಯಾಸ ಆಲಿಸ್ ಕಾಮಿನ್ಸ್ ಕಾರ್ ಅವರದು, ಹೊಲಿದವರು ಏಡಾ ನೆಟಲ್‌ಷಿಪ್. ಕ್ರೋಶಾ ಹೆಣಿಗೆಯ ಬಟ್ಟೆ ಏಕಕಾಲಕ್ಕೆ ಸರಪಳಿ ಕವಚದಂತೆಯೂ ಹಾವಿನ ಪೊರೆಯಂತೆಯೂ ತೋರಬೇಕೆಂಬುದು ವಿನ್ಯಾಸಕಿಯ ಆಸೆ. ಪಾತ್ರದ ಕ್ರೌರ್ಯವನ್ನು ಮಾತಿಗೂ ಮೊದಲೇ ಉಡುಪು ಹೇಳುವಂತೆ ಮಾಡಿದ ಈ ಕಲ್ಪನೆ ನಿಜಕ್ಕೂ ದೊಡ್ಡದು. ಮರುವರ್ಷ ಜಾನ್ ಸಿಂಗರ್ ಸಾರ್ಜೆಂಟ್ ಈ ಉಡುಪಿನಲ್ಲಿಯೇ ಟೆರಿಯ ಚಿತ್ರ ಬರೆದರು.

ವಿಕ್ಟೋರಿಯಾ ರಾಣಿ 1901ರಲ್ಲಿ ತೀರಿಕೊಂಡ ಮೇಲೂ ಈ ಕುಸುರಿ ನಿಲ್ಲಲಿಲ್ಲ. 1903ರ ದೆಹಲಿ ದರ್ಬಾರಿನ ನೃತ್ಯಕೂಟಕ್ಕೆ ವೈಸರಾಯ್ ಪತ್ನಿ ಮೇರಿ ಕರ್ಜನ್ ತೊಟ್ಟ ನವಿಲು ಗೌನಿನ ಒಂದೊಂದು ಗರಿಯ ಕಣ್ಣೂ ಜೀರ್ಜಿಂಬೆ ರೆಕ್ಕೆಯೇ. ಜರಿ ಕೆಲಸ ಭಾರತದ ಕುಶಲಕರ್ಮಿಗಳದು, ಗೌನಾಗಿ ಹೊಲಿದದ್ದು ಪ್ಯಾರಿಸಿನ ವರ್ತ್ ಸಂಸ್ಥೆ. ತೊಟ್ಟವರ ಹೆಸರಿನಿಂದಲೇ ಇಂಥ ಉಡುಪುಗಳು ಇತಿಹಾಸದಲ್ಲಿ ಉಳಿದಿವೆ. ಒಂದೊಂದೇ ರೆಕ್ಕೆ ಆರಿಸಿ ತೂತು ಮಾಡಿ ಹೊಲಿದವರಿಗೂ ಆ ಕೀರ್ತಿಯಲ್ಲಿ ಪಾಲು ಸಲ್ಲಬೇಕು.

ಕರ್ಜನ್ ಗೌನು ಈಗ ಡರ್ಬಿಶೈರಿನ ಕೆಡಲ್‌ಸ್ಟನ್ ಹಾಲ್‌ನಲ್ಲಿದೆ. ಟೆರಿಯ ಉಡುಪು ಆಕೆ ಬಾಳಿದ ಕೆಂಟ್ ಪ್ರಾಂತದ ಸ್ಮಾಲ್‌ಹೈತ್ ಮನೆಯಲ್ಲಿದೆ. ಅದರ ಮುರಿದ ರೆಕ್ಕೆಗಳಿಗೆ ಜಪಾನಿ ತೆಳುಕಾಗದವನ್ನು ಗೋಧಿ ಗಂಜಿಯ ಅಂಟಿನಿಂದ ಹಚ್ಚಿ ಜೋಡಿಸಲಾಯಿತು. ಈ ದುರಸ್ತಿ 2011ರಲ್ಲಿ ಮುಗಿಯಿತು.