ಎಕ್ಸ್‌ಚೇಂಜಿನ ಅಕ್ಕಂದಿರು, ಫೋನಿನೊಳಗಿನ ದನಿ

ಇಪ್ಪತ್ತು, ಎಪ್ಪತ್ತು. ಕರಕರ ಅನ್ನುವ ಟ್ರಂಕ್ ಲೈನಿನಲ್ಲಿ ಇವೆರಡೂ ಒಂದೇ ಥರ ಕೇಳಿಸುತ್ತಿದ್ದವು. 1976ರಲ್ಲಿ ನಾನು ಪರಊರಿನ ಕಾಲ್ ಜೋಡಿಸುವ ಹುಬ್ಬಳ್ಳಿಯ ಟ್ರಂಕ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದಾಗ ಹಿರಿಯ ಅಕ್ಕಂದಿರು ಕಲಿಸಿದ ಮೊದಲ ಪಾಠವೇ ಇದು: ಕಿವಿಗೆ ಬಿದ್ದದ್ದನ್ನು ಹಾಗೇ ಟಿಕೆಟ್ಟಿನ ಮೇಲೆ ಬರೆಯಬೇಡ, ತಿರುಗಿ ಕೇಳು. ‘ಏಳು ಸೊನ್ನೆ ಅಂದ್ರೇನ್ರೀ, ಎರಡು ಸೊನ್ನೆ ಅಂದ್ರಿ?’ ಹೀಗೆ ಕೇಳಿ, ಖಾತ್ರಿ ಮಾಡಿಕೊಂಡು, ಆಮೇಲೆ ಬೋರ್ಡಿಗೆ ಪ್ಲಗ್ಗು ಚುಚ್ಚಬೇಕು. ತಪ್ಪು ನಂಬರಿಗೆ ಹೋದ ಒಂದು ಕಾಲ್ ಅಂದರೆ ಗಂಟೆಗಟ್ಟಲೆ ಕಾದು ಕೂತವರ ಸರದಿ ಹಾಳಾದಂತೆ.

ಆಗ ಕಾಲ್ ಬುಕ್ ಮಾಡುವುದರಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ್ಜೆಗಳಿದ್ದವು. ಇಂಥವರೇ ಮಾತಿಗೆ ಸಿಗಬೇಕು ಅಂದರೆ ಪಿ.ಪಿ. ಕಾಲ್. ಮೂರು ನಿಮಿಷ ಮುಗಿಯುತ್ತಲೇ ನಾವು ನಡುವೆ ಬಾಯಿ ಹಾಕಿ ‘ಥ್ರೀ ಮಿನಿಟ್ಸ್ ಓವರ್’ ಅನ್ನಬೇಕು. ಪುಸ್ತಕದಲ್ಲಿದ್ದ ನಿಯಮ ಇಷ್ಟೇ. ಆದರೆ ಜನ ನಮ್ಮನ್ನು ಕೇಳುತ್ತಿದ್ದದ್ದು ನಂಬರು ಮಾತ್ರವಾಗಿರಲಿಲ್ಲ. ಟೈಮ್ ಎಷ್ಟಾತು? ಬೆಳಿಗ್ಗೆ ನಾಲ್ಕಕ್ಕ ಎಬ್ಬಸ್ತೀರೇನು? ಹತ್ತಿ ಅಡತಿಯ ಸಾಹುಕಾರರು ‘ಬೊಂಬಾಯಿ ಹಚ್ಚವಾ’ ಅಂದರೆ ಸಾಕು, ದನಿಯ ಮೇಲೆ ಆಳು ಗೊತ್ತು, ಆಳಿನ ಮೇಲೆ ಬೊಂಬಾಯಿಯ ಪೇಢಿ ಗೊತ್ತು. ಒಮ್ಮೆ ನಡುರಾತ್ರಿ ಹೆರಿಗೆ ನೋವಿನ ಮನೆಯಿಂದ ಕಾಲ್ ಬಂತು. ಡಾಕ್ಟರರ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವರ ಮಾವನ ಮನೆಯಲ್ಲಿ ಮದುವೆ ಇದೆ ಅನ್ನುವುದು ನನ್ನ ಪಕ್ಕದ ಬೋರ್ಡಿನವಳಿಗೆ ನೆನಪಿತ್ತು. ಆ ಮನೆಗೆ ರಿಂಗ್ ಕೊಟ್ಟು ಡಾಕ್ಟರರನ್ನು ಎಬ್ಬಿಸಿದೆವು.

ಫೋನಿಗೆ ಮಾತಾಡಿ ಕೆಲಸ ಮಾಡಿಸುವ ಈಗಿನ ಸಹಾಯಕ ದನಿಯಿಂದ ನಿಜವಾಗಿ ಉಪಯೋಗ ಇದೆಯೇ ಅಂತ ಯಾರಾದರೂ ಕೇಳಿದಾಗ ನನಗೆ ಈ ಬೋರ್ಡೇ ನೆನಪಾಗುತ್ತದೆ. ಯಾಕೆಂದರೆ ಜನ ಅದಕ್ಕೆ ಹೇಳುವ ಕೆಲಸಗಳು ಬಹುಪಾಲು ನಮಗೆ ಹೇಳುತ್ತಿದ್ದವೇ: ಟೈಮು, ಅಲಾರಾಂ, ಇಂಥವರಿಗೆ ಫೋನ್ ಹಚ್ಚು. ಇದು ಕಾಕತಾಳೀಯವೂ ಅಲ್ಲ. ಆ ದನಿ ಹುಟ್ಟಿದ್ದೇ ಟೆಲಿಫೋನಿನ ಮನೆಯಲ್ಲಿ, ನಮ್ಮ ಕುರ್ಚಿಯ ಪಕ್ಕದಲ್ಲಿ.

ಈ ಕುರ್ಚಿಯಲ್ಲಿ ಮೊದಲು ಕೂತ ಹೆಂಗಸು ಎಮ್ಮಾ ನಟ್, 1878ರಲ್ಲಿ, ಬೋಸ್ಟನ್ನಿನಲ್ಲಿ. ಅದಕ್ಕೂ ಮೊದಲು ಹುಡುಗರನ್ನು ಇಟ್ಟುಕೊಂಡಿದ್ದರು. ಅವರು ಗಿರಾಕಿಗಳ ಜೊತೆ ಒರಟಾಗಿ ಮಾತಾಡುತ್ತಾರೆ ಅನ್ನುವ ದೂರು ಹೆಚ್ಚಾದ ಮೇಲೆ ಹೆಂಗಸರು ಬಂದರು. ಭಾರತಕ್ಕೆ ಎಕ್ಸ್‌ಚೇಂಜು ಬಂದದ್ದು 1882ರಲ್ಲಿ, ಕಲ್ಕತ್ತಾ, ಮುಂಬಯಿ, ಮದ್ರಾಸುಗಳಿಗೆ. ಮನುಷ್ಯರ ಕೈಯಿಂದ ಒಂದೊಂದೇ ಕೆಲಸವನ್ನು ಯಂತ್ರಕ್ಕೆ ದಾಟಿಸುವ ಯತ್ನವೂ ಜೊತೆಜೊತೆಗೇ ನಡೆದಿತ್ತು. ಪ್ಯಾರಿಸ್ಸಿನ ಖಗೋಳ ವೀಕ್ಷಣಾಲಯಕ್ಕೆ ಬರೀ ಗಂಟೆ ಕೇಳಲು ಎಷ್ಟು ಫೋನುಗಳು ಬರುತ್ತಿದ್ದವೆಂದರೆ, ಅವರ ಸ್ವಂತ ಕೆಲಸಕ್ಕೆ ಲೈನೇ ಸಿಗುತ್ತಿರಲಿಲ್ಲ. ಅದಕ್ಕೆ ಅಲ್ಲಿನ ನಿರ್ದೇಶಕ ಅರ್ನೆಸ್ಟ್ ಎಸ್ಕ್ಲಾಂಗೋ ರೇಡಿಯೊ ನಿರೂಪಕರೊಬ್ಬರ ದನಿಯಲ್ಲಿ ಮಾತಾಡುವ ಗಡಿಯಾರ ಮಾಡಿಸಿದರು. 1933ರ ಫೆಬ್ರವರಿ 14ರಂದು ಅದು ಶುರುವಾಯಿತು. ಮೊದಲ ದಿನ ಬಂದ ಕರೆಗಳು ಸುಮಾರು 1,40,000. ಉತ್ತರ ಸಿಕ್ಕಿದ್ದು ಸುಮಾರು 20,000ಕ್ಕೆ. ಯಂತ್ರದ ದನಿ ದಿನದ ಬದುಕಿಗೆ ಬೇಕೇ ಬೇಡವೇ ಅನ್ನುವುದಕ್ಕೆ ಇದು ಹಳೆಯ ಸಾಕ್ಷಿ.

ಆದರೆ ಆ ಗಡಿಯಾರಕ್ಕೆ ಬಾಯಿ ಇತ್ತು, ಕಿವಿ ಇರಲಿಲ್ಲ. ಕಿವಿ ಕೊಟ್ಟವರು ಅಮೆರಿಕದ ಬೆಲ್ ಲ್ಯಾಬ್ಸಿನವರು, 1952ರಲ್ಲಿ. ಆಡ್ರಿ ಅಂತ ಹೆಸರಿಟ್ಟ ಆ ಯಂತ್ರ ಆಳೆತ್ತರದ ರ್‍ಯಾಕಿನಷ್ಟಿತ್ತು. ಅದಕ್ಕೆ ತಿಳಿಯುತ್ತಿದ್ದದ್ದು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಮಾತ್ರ. ಟೆಲಿಫೋನ್ ಕಂಪನಿಯವರ ಯಂತ್ರ ನೋಡಿ, ಮೊದಲು ಬೇಕಾದದ್ದು ನಂಬರು. ಹೇಳುವವರು ಒಂದೊಂದು ಅಂಕಿಯ ನಡುವೆ ನಿಲ್ಲಿಸಿ ಹೇಳಬೇಕಿತ್ತು, ಅದೂ ಯಂತ್ರವನ್ನು ಯಾರ ದನಿಗೆ ಹೊಂದಿಸಿದ್ದಾರೋ ಅವರೇ. ಬೇರೆಯವರು ಬಾಯಿ ತೆರೆದರೆ ಎಡವುತ್ತಿತ್ತು.

ಅಲ್ಲಿಂದ ನಲವತ್ತು ವರ್ಷ ದಾಟಿ ನಡೆದದ್ದು ನನ್ನ ಕಸುಬಿಗೆ ಇನ್ನೂ ಹತ್ತಿರದ ಸಂಗತಿ. 1992ರಲ್ಲಿ ಎ.ಟಿ. ಆ್ಯಂಡ್ ಟಿ. ಕಂಪನಿ ಅಮೆರಿಕದಲ್ಲಿ ಆಪರೇಟರುಗಳ ಬದಲು ಯಂತ್ರವೊಂದನ್ನು ಕೂರಿಸಿತು. ಅದಕ್ಕೆ ಬರುತ್ತಿದ್ದದ್ದು ಐದೇ ಬಗೆಯ ಮಾತು: ಕಾಲಿಂಗ್ ಕಾರ್ಡ್, ಕಲೆಕ್ಟ್, ಥರ್ಡ್ ನಂಬರ್, ಪರ್ಸನ್, ಆಪರೇಟರ್. ನಾಲ್ಕನೆಯದು ನಮ್ಮ ಪಿ.ಪಿ. ಕಾಲೇ. ಈ ಐದರಲ್ಲಿ ಒಂದನ್ನು ಹೇಳಿ ಅಂದರೆ ಜನ ಅದೊಂದನ್ನೇ ಹೇಳಿ ಸುಮ್ಮನಾಗಲಿಲ್ಲ. ‘ನಾನೊಂದು ಕಲೆಕ್ಟ್ ಕಾಲ್ ಮಾಡಬೇಕಿತ್ತು, ದಯವಿಟ್ಟು’ ಅಂತ ಮನುಷ್ಯರ ಜೊತೆ ಆಡುವ ಹಾಗೆಯೇ ಆಡಿದರು. ಜನರನ್ನು ತಿದ್ದಲು ಆಗದೆಂದು ಕಂಡ ಇಂಜಿನಿಯರುಗಳು ಯಂತ್ರವನ್ನು ತಿದ್ದಿದರು: ಉದ್ದದ ಮಾತಿನ ನಡುವೆ ಬೇಕಾದ ಪದವೊಂದನ್ನು ಹೆಕ್ಕಿಕೊಳ್ಳುವುದನ್ನು ಅದಕ್ಕೆ ಕಲಿಸಿದರು. ಸಾವಿರಾರು ಆಪರೇಟರುಗಳ ಕೆಲಸ ಹೋಯಿತು. ಆ ನೋವು ನನಗೆ ಗೊತ್ತು. ಆದರೂ ಕೇಳುವವರು ಹೇಳುವವರ ದಾರಿಗೆ ಬರಬೇಕು ಅನ್ನುವ ನಮ್ಮ ಬೋರ್ಡಿನ ಪಾಠವನ್ನು ಅವರು ಯಂತ್ರಕ್ಕೂ ಕಲಿಸಿದರಲ್ಲ, ಅದಕ್ಕೆ ನನ್ನ ಗೌರವವಿದೆ.

ಆಮೇಲಿನದು ಬೇಗ ಬೇಗ ನಡೆಯಿತು. ನಂಬರು ಹುಡುಕಿಕೊಡುವ ಡೈರೆಕ್ಟರಿ ಎನ್‌ಕ್ವೈರಿ ಕೆಲಸವನ್ನು 2007ರಲ್ಲಿ ಗೂಗಲ್ ಅಮೆರಿಕದಲ್ಲಿ ಪುಕ್ಕಟೆಯಾಗಿ ಮಾಡಿಕೊಡತೊಡಗಿತು. ಊರು, ಅಂಗಡಿ ಹೇಳಿದರೆ ಯಂತ್ರವೇ ಫೋನ್ ಹಚ್ಚಿಕೊಡುತ್ತಿತ್ತು. ಗೂಗಲ್ಲಿಗೆ ಇದರಿಂದ ಬೇಕಾಗಿದ್ದದ್ದು ಜನರ ದನಿಯ ಮಾದರಿಗಳು. ಅದನ್ನು ಆ ಕಂಪನಿಯವರು ಮುಚ್ಚಿಡಲಿಲ್ಲ. 2010ರಲ್ಲಿ ಸೇವೆ ನಿಲ್ಲಿಸಿದರು. ಮರುವರ್ಷ ಆ್ಯಪಲ್ ಫೋನಿನಲ್ಲಿ ಸಿರಿ ಅನ್ನುವ ಸಹಾಯಕ ದನಿ ಬಂತು, 2014ರಲ್ಲಿ ಅಲೆಕ್ಸಾ, 2016ರಲ್ಲಿ ಗೂಗಲ್ ಅಸಿಸ್ಟೆಂಟ್.

ಉಪಯೋಗದ ಪ್ರಶ್ನೆಗೆ ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2017ರಲ್ಲಿ ಸಮೀಕ್ಷೆ ನಡೆಸಿ ಉತ್ತರ ಹುಡುಕಿತು. ಅಲ್ಲಿನ ವಯಸ್ಕರಲ್ಲಿ 46% ಜನ ಇಂಥ ದನಿಗಳನ್ನು ಬಳಸುತ್ತಿದ್ದರು. ಬಳಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮುಖ್ಯ ಕಾರಣವೆಂದು ಹೇಳಿದ್ದು, ಕೈ ಹಚ್ಚದೆ ಕೆಲಸ ಆಗುತ್ತದೆ ಅನ್ನುವುದನ್ನು. ಬಳಸದವರಲ್ಲಿ ಹೆಚ್ಚಿನವರು ಆಸಕ್ತಿ ಇಲ್ಲ ಅಂದರು. ನನಗೆ ಇದು ಸರಿ ಅನ್ನಿಸುತ್ತದೆ. ಕೈ, ಕಣ್ಣು ಎರಡೂ ಖಾಲಿ ಇದ್ದವರಿಗೆ ಬೆರಳೇ ಸಾಕು.

ನಮ್ಮ ದೇಶದಲ್ಲಿ ಈ ಕಥೆಗೆ ವಿಚಿತ್ರವಾದ ಒಂದು ಗಂಟು ಬಿದ್ದಿದೆ. ಆಪರೇಟರ್ ಇಲ್ಲದೆ ಪರಊರಿಗೆ ನೇರ ಡಯಲ್ ಮಾಡುವ ಎಸ್‌.ಟಿ.ಡಿ. ಭಾರತದಲ್ಲಿ ಮೊದಲು ಬಂದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. 2019ರಲ್ಲಿ ಇಂಟರ್‌ನೆಟ್ ಇಲ್ಲದ ಸಾದಾ ಫೋನಿನಿಂದಲೂ ಒಂದು ನಂಬರಿಗೆ ಕಾಲ್ ಮಾಡಿ ಗೂಗಲ್ ಅಸಿಸ್ಟೆಂಟನ್ನು ಪ್ರಶ್ನೆ ಕೇಳುವ ಸೇವೆ ಶುರುವಾದದ್ದೂ ಅವೇ ಎರಡು ಊರುಗಳಲ್ಲಿ, ವೊಡಾಫೋನ್-ಐಡಿಯಾ ಗಿರಾಕಿಗಳಿಗೆ, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಆಪರೇಟರನ್ನು ಮೊದಲು ಬಿಟ್ಟುಕೊಟ್ಟ ಊರುಗಳಿಗೇ ಐವತ್ತೊಂಬತ್ತು ವರ್ಷದ ಮೇಲೆ ಫೋನೆತ್ತಿ ಕೇಳಿದರೆ ಉತ್ತರಿಸುವ ದನಿ ತಿರುಗಿ ಬಂತು.

ನಮ್ಮ ಕಡೆ ನನ್ನ ಕಸುಬಿನ ಕೊನೆ ಶುರುವಾದದ್ದು ಧಾರವಾಡದಾಚೆಯ ಕಿತ್ತೂರಿನಿಂದ. ಸಿ-ಡಾಟ್ ಸಂಸ್ಥೆಯವರ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ನಡೆದದ್ದು ಅಲ್ಲಿ. ಏರ್ ಕಂಡೀಷನ್ ಬೇಡ, ಆಪರೇಟರೂ ಬೇಡ. ನನಗೆ ಸಂತೋಷವೇ ಆಗಿತ್ತು. ಹಳ್ಳಿಯವರು ಒಂದು ಕಾಲಿಗಾಗಿ ಹಗಲಿಡೀ ಪೋಸ್ಟಾಫೀಸಿನ ಕಟ್ಟೆ ಕಾಯುವುದನ್ನು ಕಂಡವಳು ನಾನು.

ಈಗ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಗ್ಲಾಕೋಮಾದಿಂದ ದೃಷ್ಟಿ ಹೋಗಿದೆ. ಫೋನನ್ನು ಗದ್ದಕ್ಕೆ ಹತ್ತಿರ ಹಿಡಿದು ‘ಸಮಯ ಎಷ್ಟು’ ಅನ್ನುತ್ತಾರೆ, ಅದು ಹೇಳುತ್ತದೆ. ಔಷಧಿಯ ಹೊತ್ತು ನೆನಪಿಸುತ್ತದೆ. ಯಾರನ್ನೂ ಕರೆಯದೆ ಇಷ್ಟು ಆಗುವುದು ಅವರಿಗೆ ದೊಡ್ಡ ಸ್ವಾತಂತ್ರ್ಯ. ಅಂಥವರನ್ನು ನೋಡಿದ ಮೇಲೆ ಇದು ಬರೀ ಶೋಕಿ ಅನ್ನುವವರ ಮಾತನ್ನು ನಾನು ಒಪ್ಪಲಾರೆ. ಆದರೆ ‘ಮಗನಿಗೆ ಫೋನ್ ಹಚ್ಚು’ ಅಂದರೆ ಅದು ಏನೇನೋ ಹುಡುಕಲು ಹೋಗುತ್ತದೆ. ‘ಮಗನಿಗೆ ಕಾಲ್ ಮಾಡು’ ಅನ್ನಬೇಕು, ಅದೂ ತಡೆದು, ಬಿಡಿಸಿ. ಜೀವಮಾನವಿಡೀ ಮಕ್ಕಳಿಗೆ ಕನ್ನಡ ಕಲಿಸಿದ ಮೇಷ್ಟ್ರು ಈಗ ಯಂತ್ರಕ್ಕಾಗಿ ತಮ್ಮ ಕನ್ನಡ ಬದಲಿಸಿಕೊಂಡಿದ್ದಾರೆ.

ಇದು ನನ್ನನ್ನು ಕಾಡುತ್ತದೆ. ಬೋರ್ಡಿನ ಮುಂದೆ ನಾವು ಬೆಳಗಾವಿಯ ಮರಾಠಿ ಬೆರೆತ ಕನ್ನಡ, ಕಾರವಾರದ ರಾಗ, ಮುಸ್ಲಿಂ ಓಣಿಯ ದಖನಿ ಎಲ್ಲಕ್ಕೂ ಕಿವಿ ಪಳಗಿಸಿಕೊಂಡಿದ್ದೆವು. ಯಂತ್ರಕ್ಕೂ ಅದು ಅಸಾಧ್ಯವಲ್ಲ. ಅದು ಕಲಿಯುವುದು ದನಿಮುದ್ರಿಕೆಗಳಿಂದ. ಯಾರ ಮಾತನ್ನು ಹೆಚ್ಚು ಕೇಳಿಸಿದ್ದಾರೋ ಅವರ ಮಾತು ಅದಕ್ಕೆ ಸಲೀಸು. ಗೂಗಲ್ಲಿನ ದನಿ ಟೈಪಿಂಗಿಗೆ ಕನ್ನಡ ಸೇರಿದ್ದೇ 2017ರಲ್ಲಿ. ಬೆಂಗಳೂರಿನ ‘ಕಾರ್ಯ’ ಅನ್ನುವ ಸಂಸ್ಥೆ ನಮ್ಮ ಹಳ್ಳಿಗಳ ಜನರಿಂದ ಕನ್ನಡದ ವಾಕ್ಯಗಳನ್ನು ಫೋನಿನಲ್ಲಿ ಓದಿಸಿ, ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ಹಣ ಕೊಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆಯ ರೀತಿ ನನಗೆ ಇನ್ನೂ ಹಿಡಿಸಿತು. ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳಿ ಅನ್ನುತ್ತಾರೆ. ಓದಿಸಿದರೆ ಪುಸ್ತಕದ ಕನ್ನಡ ಬರುತ್ತದೆ, ಚಿತ್ರ ತೋರಿಸಿದರೆ ಮನೆಯ ಕನ್ನಡ.

ಸಹಾಯಕ ದನಿಯ ಸೇವೆ ಕೊಡುವ ಕಂಪನಿಗಳು ಅದಕ್ಕೆ ಕನ್ನಡ ಬರುತ್ತದೆ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತವೆ. ಧಾರವಾಡದವರ ನೂರು ಮಾತಿನಲ್ಲಿ ಎಷ್ಟು ಸರಿಯಾಗಿ ತಿಳಿಯಿತು, ಕಲಬುರಗಿಯವರದು ಎಷ್ಟು, ಚಾಮರಾಜನಗರದವರದು ಎಷ್ಟು ಅನ್ನುವುದನ್ನು ಅವರು ವರ್ಷಕ್ಕೊಮ್ಮೆ ಅಚ್ಚು ಹಾಕಿಸಿ ಜನರ ಮುಂದೆ ಇಡಬೇಕು. ನಮ್ಮ ಎಕ್ಸ್‌ಚೇಂಜಿನಲ್ಲಿ ತಪ್ಪಿದ ಕಾಲ್‌ಗಳಿಗೆ ಟಿಕೆಟ್ಟಿನ ಲೆಕ್ಕ ಇರುತ್ತಿತ್ತು, ಸೂಪರ್‌ವೈಸರ್ ಅದನ್ನು ಕೇಳುತ್ತಿದ್ದರು.